ರುದ್ರಮ್ಮನವರನ್ನು ನಿಲ್ಲಿಸಿ ನೋಡಲಿಲ್ಲ

ಅಧ್ಯಕ್ಷರಾದ ಹನುಮಂತರಾಯಪ್ಪನವರೇ, ವೇದಿಕೆಯ ಗಣ್ಯರೇ, ಪೀಣ್ಯದ ಹಿರಿಯ ನಾಗರಿಕರೇ, ಎಲ್ಲ ಸಭಿಕರೇ,

ಶಾಲು ಹೊದಿಸಿದ್ದೀರಿ. ನಾನು ಬೆವರುತ್ತಿರುವುದು ಶಾಲಿನಿಂದ ಎಂದುಕೊಂಡರೆ ಅದು ನಿಮ್ಮ ದೊಡ್ಡತನ.

ಹೋದ ವರ್ಷ ಇದೇ ಸಭೆಯಲ್ಲಿ ಒಂದು ಅಧ್ಯಯನದ ಬಗ್ಗೆ ಹೇಳಿದ್ದೆ. ಸಾವಿರಾರು ಜನರನ್ನು ಹತ್ತು ವರ್ಷ ಗಮನಿಸಿದ್ದರು, ಬಿ.ಪಿ. ನೂರಿಪ್ಪತ್ತರ ಒಳಗಿದ್ದವರು ಹೆಚ್ಚು ಕಾಲ ಬದುಕಿದ್ದರು. ‘ನಾವೂ ನೂರಿಪ್ಪತ್ತಕ್ಕೆ ಇಳಿಯೋಣ’ ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ನನ್ನ ತಂದೆ ಇಲ್ಲಿಯದೇ ಒಂದು ಕಾರ್ಖಾನೆಯಲ್ಲಿ, ಲೇತ್ ಯಂತ್ರದ ಮುಂದೆ ನಿಂತಿದ್ದಾಗಲೇ ಬಿ.ಪಿ. ಏರಿ ಪಾರ್ಶ್ವವಾಯು ಹೊಡೆದು ಬಿದ್ದರು. ಆಗ ಅವರಿಗೆ ಐವತ್ತಮೂರು. ಅಂದಿನಿಂದ ಬಿ.ಪಿ. ಎಂದರೆ ನನಗೆ ಹಗೆ. ಆ ಹಗೆಯನ್ನೇ ವಿಜ್ಞಾನ ಎಂದುಕೊಂಡೆನೇ?

ರುದ್ರಮ್ಮನವರಿಗೆ ಎಪ್ಪತ್ತೊಂಬತ್ತು ವರ್ಷ. ಕೊಪ್ಪಳದ ಕಡೆಯವರು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮಗಳು ಶಿವಗಂಗಾಳ ಜೊತೆ ನನ್ನ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾರೆ. ಅವರ ಬಿ.ಪಿ. ನೂರೈವತ್ತರ ಹತ್ತಿರವಿತ್ತು. ನಾನು ಒಂದು ಮಾತ್ರೆಯನ್ನು ಮೂರು ಮಾಡಿದೆ.

ಎರಡು ವಾರದ ನಂತರ ಬಂದು ಹೇಳಿದರು: “ಎದ್ದ ಕೂಡ್ಲೆ ಕಣ್ಣಿಗೆ ಕತ್ತಲಿ ಬರ್ತೈತ್ರಿ, ಸಾಹೇಬ್ರ.”

“ರೂಢಿ ಆಗುತ್ತಮ್ಮ. ನೋಡಿ, ನೂರಹದಿನೆಂಟಕ್ಕೆ ಬಂದಿದೆ!” ಎಂದೆ. ಎಷ್ಟು ಖುಷಿಯಿಂದ ಎಂದೆ!

ನಾಲ್ಕನೇ ದಿನ ನೀರಿನ ಡ್ರಮ್ಮಿನ ಬಳಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಡಾಕ್ಟರ್ ಕೃಪಾ ಫೋನ್ ಮಾಡಿದರು. ನನ್ನ ಮಗಳ ವಯಸ್ಸಿನವರು. “ಸಾರ್, ಅಜ್ಜೀನ ಯಾವತ್ತಾದ್ರೂ ನಿಲ್ಸಿ ಬಿ.ಪಿ. ನೋಡಿದ್ರಾ?”

ನೋಡಿರಲಿಲ್ಲ. ಕೂರಿಸಿಯೇ ನೋಡಿದ್ದೆ, ಪ್ರತಿ ಸಲವೂ. ಎದ್ದು ನಿಂತಾಗ ಅವರ ಬಿ.ಪಿ. ಇನ್ನೂ ಕೆಳಗೆ ಕುಸಿಯುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

ಆ ವಾರ ಅಧ್ಯಯನವನ್ನು ಪೂರ್ತಿ ಓದಿದೆ. ಹೌದು, ಪೂರ್ತಿ ಓದಿದ್ದು ಆಗಲೇ. ಅದರಲ್ಲಿದ್ದವರ ಸರಾಸರಿ ವಯಸ್ಸು ಐವತ್ತೊಂದು. ಎಪ್ಪತ್ತೈದು ದಾಟಿದವರನ್ನು ಸೇರಿಸಿಯೇ ಇರಲಿಲ್ಲ. ಅವರು ಯಾರಿಗೂ ಮಾತ್ರೆ ಕೊಟ್ಟು ನೋಡಿರಲಿಲ್ಲ, ಬರೀ ಗಮನಿಸಿದ್ದರು. ಬಿ.ಪಿ. ಕಡಿಮೆ ಇದ್ದವರು ಮೊದಲಿನಿಂದಲೇ ಗಟ್ಟಿಮುಟ್ಟಾಗಿದ್ದಿರಬಹುದು. ಮಾತ್ರೆಯಿಂದ ಇಳಿಸಿದರೂ ಅದೇ ಲಾಭ ಸಿಗುತ್ತದೆಂದು ಅಲ್ಲಿ ಎಲ್ಲಿ ಬರೆದಿತ್ತು? ಎಪ್ಪತ್ತೊಂಬತ್ತರ ರುದ್ರಮ್ಮ ಅಲ್ಲಿ ಎಲ್ಲಿದ್ದರು?

ನನ್ನ ಮಾತು ಕೇಳಿ ಮಾತ್ರೆ ಹೆಚ್ಚಿಸಿಕೊಂಡವರು ಇಲ್ಲಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ಅದೂ ಅಪಾಯ. ನಾಳೆಯಿಂದ ಬನ್ನಿ. ಕೂರಿಸಿಯೂ ನೋಡುತ್ತೇನೆ, ನಿಲ್ಲಿಸಿಯೂ ನೋಡುತ್ತೇನೆ. ತಲೆ ಸುತ್ತುತ್ತದೆ ಎಂದರೆ ಈ ಸಲ ಕೇಳಿಸಿಕೊಳ್ಳುತ್ತೇನೆ.

ಕಳೆದ ಭಾನುವಾರ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ರುದ್ರಮ್ಮ ಗಾಬರಿಯಿಂದ ಸೆರಗು ಸರಿಮಾಡಿಕೊಂಡು, ದಿಂಬಿನಡಿಯಿಂದ ಖಾಲಿ ಮಾತ್ರೆಪಟ್ಟಿಗಳನ್ನು ತೆಗೆದು ತೋರಿಸಿದರು. “ಒಂದೂ ಬಿಟ್ಟಿಲ್ರಿ ಸಾಹೇಬ್ರ. ನಾನೇ ಜ್ವಾಕಿ ತಪ್ಪಿ ಬಿದ್ದೆ. ಸಿಟ್ಟಾಗಬ್ಯಾಡ್ರಿ.”

“ತಪ್ಪು ನಿಮ್ಮದಲ್ಲಮ್ಮ, ನನ್ನದು” ಎಂದೆ.

ಅವರು ಮಗಳ ಮುಖ ನೋಡಿ ನಕ್ಕರು. ಡಾಕ್ಟರು ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡರು. ಮೂರು ಸಲ ಹೇಳಿದೆ. ಇವತ್ತಿಗೂ ಅವರು ನಂಬಿಲ್ಲ.

ನೀವಾದರೂ ನಂಬಿ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.