ಮೂರನೇ ಮಹಡಿಯ ಮನೆ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕ್ಯಾಸಂಬಳ್ಳಿ ಕಡೆಯ ಗಂಡ ಹೆಂಡತಿ ನಿಂತಿದ್ದರು. ಅವಳ ಕೊರಳಲ್ಲಿ ಗಾರ್ಮೆಂಟ್ಸ್ ಕಾರ್ಡು, ಅವನ ಕೈಯಲ್ಲಿ ಬೈಕಿನ ಕೀ. ಬೆಂಗಳೂರಿನ ಕಡೆ ಬಾಡಿಗೆ ಮನೆ ಹಿಡಿಯುವ ಮಾತು ನಡೆದಿತ್ತು.

“ಹೂಡೀಲಿರೋ ಮನೆ ಬ್ಯಾಡ ಸುಮಾ. ಮೂರನೇ ಮಹಡಿ.”

“ಫ್ಯಾಕ್ಟ್ರಿಗೆ ನಡ್ಕೊಂಡೋಗ್ಬೋದು. ಇನ್ನೇನು ಬೇಕು?”

“ಕರೆಯೋ ಸೀಮೆ ಅಸೂನ ಎಲ್ಲಿ ಕಟ್ಟೋದು?”

“ಓನರ್ ಹತ್ರ ಅದನ್ನೂ ಕೇಳಿದ್ಯಾ?”

“ಕೇಳ್ದೆ. ನಕ್ಬಿಟ್ಟ. ಮಾಲೂರಲ್ಲಾದ್ರೆ ಮನೆ ಮುಂದೆ ಜಾಗ ಐತೆ.”

“ಮಾಲೂರಿಂದಾನೂ ಇದೇ ರೈಲು ಕಣಯ್ಯಾ. ಮಗ ಏಳೋಕೆ ಮುಂಚೆ ಓಯ್ತೀನಿ, ಮಲಗಿದ್ಮೇಲೆ ಬತ್ತೀನಿ. ಈಗ ನಿಮ್ಮಮ್ಮನ್ನೇ ಅಮ್ಮ ಅಂತಾನೆ.”

“ಸಣ್ಣ ಕೂಸು, ಅದಕ್ಕೇನು ಗೊತ್ತಾಯ್ತದೆ?”

“ಅಸೂಗೆ ಗೊತ್ತಾಯ್ತದಾ?”

ಅವನು ಕೀ ತಿರುಗಿಸುತ್ತ ನಿಂತ. ಅವನನ್ನು ಬಯ್ಯುವ ಎರಡು ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ರೈಲು ಬಂತು. ಅವಳು ಹೆಂಗಸರ ಬೋಗಿಗೆ ನುಗ್ಗಿದಳು. ಅವನು ಕಿಟಕಿಯ ಬಳಿಗೆ ಓಡಿದ.

“ಅಸೂನ ಅಕ್ಕನ ಮನೇಲಿ ಕಟ್ತೀನಿ. ಹೂಡಿ ಓನರ್‌ಗೆ ಆಯ್ತು ಅಂತ ಹೇಳ್ಬಿಡು.”

“ಅವನಿಗೆ ನೆನ್ನೇನೇ ಹೇಳ್ಬಿಟ್ಟೆ ಕಣಯ್ಯಾ,” ಎಂದಿತು ಒಳಗಿನ ಗುಂಪಿನಿಂದ ಅವಳ ದನಿ.

ರೈಲು ಹೊರಟಿತು.