ದಾನಮ್ಮನ ಫ್ರಿಜ್ಜಿನಲ್ಲಿ ಗಾಳಿ ಆಡಿದ್ದು

ರಾಣೇಬೆನ್ನೂರಿನಲ್ಲಿ ಬೀಜದ ವ್ಯಾಪಾರದ ಒಬ್ಬ ಶ್ರೀಮಂತರಿದ್ದರು, ಮುರಿಗೆಪ್ಪ ಎಂದು. ಅವರ ಹೆಂಡತಿ ದಾನಮ್ಮ. ಹೆಸರು ಕೇಳಿ ನಗಬೇಡಿ, ನೋಡಿ, ಒಳ್ಳೆಯ ಹೆಂಗಸು. ಎದುರು ಮನೆಯ ಅಂಗನವಾಡಿ ಟೀಚರ್ ಕಸ್ತೂರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಫ್ರಿಜ್ ಇಲ್ಲ. ನಿನ್ನ ಇನ್ಸುಲಿನ್ ನಮ್ಮಲ್ಲೇ ಇಡು ಎಂದು ಕರೆದು ಹೇಳಿದವರು ಈ ದಾನಮ್ಮನೇ.

ಒಂದು ಬೇಸಿಗೆಯಲ್ಲಿ ಆ ಫ್ರಿಜ್ ಕೈಕೊಟ್ಟಿತು. ಮೇಲೆ ಐಸು ಕಟ್ಟುತ್ತದೆ, ಕೆಳಗೆ ಹಾಲು ಒಡೆಯುತ್ತದೆ. ಮುರಿಗೆಪ್ಪನವರು ಒಳಗಿನ ಗುಂಡಿಯನ್ನು ಕೊನೆಯ ನಂಬರಿಗೆ ತಿರುಗಿಸಿದರು. ಆಗಲಿಲ್ಲ. ಸೊಸೆ ಬಾಗಿಲು ಸರಿಯಾಗಿ ಹಾಕುವುದಿಲ್ಲ ಎಂದರು ದಾನಮ್ಮ. ಸೊಸೆ ಕರೆಂಟನ್ನು ಬೈದಳು. ಒಳಗೆ ಸರಿಯಾಗಿ ಇಣುಕಿದವರು ಯಾರು? ಯಾರೂ ಇಲ್ಲ. ಹೊಸದನ್ನೇ ತರುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಕಸ್ತೂರಿ ಬಂದು ತನ್ನ ಔಷಧ ವಾಪಸು ಕೇಳಿದಳು. ಆಕೆಯ ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಔಷಧ ಸೆಕೆಗೆ ಕೆಟ್ಟಿರಬೇಕು ಎಂದಿದ್ದರು ಡಾಕ್ಟರು. ಇನ್ನು ಮೆಡಿಕಲ್ ಶಾಪಿನವರ ಹತ್ತಿರವೇ ಇಡುತ್ತೇನೆ ಎಂದಳು. ಒಂದು ಮಾತೂ ಬೈಯಲಿಲ್ಲ. ಅದೇ ದಾನಮ್ಮನಿಗೆ ಚುಚ್ಚಿತು. ಮಧ್ಯಾಹ್ನದ ಊಟ ಬಿಟ್ಟು ಮೆಕ್ಯಾನಿಕ್ ಮೌಲಾಲಿಯನ್ನು ಕರೆಸಿದರು.

ಮೌಲಾಲಿ ಬಾಗಿಲಿನ ಸಂದಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿದ. ಬಿಗಿಯಾಗಿತ್ತು, ರಬ್ಬರು ಸರಿಯಿದೆ. ಮೋಟಾರು ಓಡುತ್ತಿದೆ. ಆಮೇಲೆ ಬಾಗಿಲು ತೆರೆದು ಒಳಗೆ ಇಣುಕಿದ.

"ಮಷೀನ್ ಛಲೋ ಐತ್ರೀ ಅಕ್ಕಾರ. ಥಂಡ್ ಗಾಳಿ ಬರೋ ಕಿಂಡಿ ಮುಚ್ಚೇತಿ. ಗಾಳಿ ಆಡಾಕ ಜಾಗಾನ ಇಲ್ಲ."

ಕಿಂಡಿಗೆ ಅಡ್ಡ ಇದ್ದದ್ದೇನು? ಯಾರದೋ ಮದುವೆಯ ಲಾಡಿನ ಡಬ್ಬಿ. ಅದರ ಪಕ್ಕ ಕುಂದಾ, ಕೆಳಗೆ ಕರದಂಟು, ಹಿಂದೆ ಹೋದ ವರ್ಷದ ಮಾವಿನ ರಸ. ಯಾರಾದರೂ ಬಂದರೆ ಬೇಕಾದೀತು ಎಂದು ಇಟ್ಟದ್ದು. ಬಂದವರಿಗೆ ಕೊಟ್ಟರೇ? ಇಲ್ಲ, ಇನ್ನೂ ದೊಡ್ಡವರು ಬಂದಾರು ಎಂದು ಕಾದರು!

ದಾನಮ್ಮ ನೆಲಕ್ಕೆ ಕುಳಿತು ಎಲ್ಲವನ್ನೂ ಹೊರಗೆ ತೆಗೆದರು. ಕೆಟ್ಟದ್ದು ಬುಟ್ಟಿ ತುಂಬ ತಿಪ್ಪೆಗೆ ಹೋಯಿತು. ಕರದಂಟು ಚೆನ್ನಾಗಿತ್ತು, ಮೌಲಾಲಿಗೂ ಓಣಿಯ ಮಕ್ಕಳಿಗೂ ಕೈತುಂಬ ಕೊಟ್ಟರು. ಮೌಲಾಲಿ ಫ್ರಿಜ್ಜನ್ನು ಗೋಡೆಯಿಂದ ಗೇಣು ಮುಂದೆ ಎಳೆದು ಹಿಂದಿನ ಧೂಳು ಒರೆಸಿದ. ಸಂಜೆಗೆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು.

ಮರುದಿನ ಬೆಳಿಗ್ಗೆಯೇ ದಾನಮ್ಮ ರಸ್ತೆ ದಾಟಿ ಕಸ್ತೂರಿಯ ಬಾಗಿಲಿಗೆ ಹೋದರು.

"ತಪ್ಪು ನಂದ ಐತಿ ತಂಗಿ. ನಡುವಿನ ಖಾನೆ ನಿನ್ನ ಔಷಧಕ್ಕಂತ ಖಾಲಿ ಬಿಟ್ಟೀನಿ."

"ಮೊದಲ ಕೈ ಹಾಕಿ ನೋಡ್ತೀನ್ರಿ," ಎಂದಳು ಕಸ್ತೂರಿ. ಇಬ್ಬರೂ ನಕ್ಕರು. ಬಂದಳು, ಕೈ ಹಾಕಿ ನೋಡಿದಳು, ಹೊಸ ಔಷಧವನ್ನು ಅಲ್ಲಿಟ್ಟು ಹೋದಳು.

ತಾಯಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ಯಾಕೆ ತಲೆ ತಗ್ಗಿಸುತ್ತೀರಿ? ಇವತ್ತು ಮನೆಗೆ ಹೋದವರು ಬಟ್ಟೆ ಬದಲಿಸುವ ಮೊದಲು ಫ್ರಿಜ್ ತೆರೆಯಿರಿ. ಸೊಸೆಯನ್ನು ಬೈಯುವ ಮೊದಲು ತೆರೆಯಿರಿ. ಯಾರಿಗೋ ಎಂದು ಎತ್ತಿಟ್ಟದ್ದನ್ನು ಎದುರು ಮನೆಗೆ ಇವತ್ತೇ ಕೊಡಿ. ಪಾತ್ರೆ ತೊಳೆಯಲು ಬರುವ ತಾಯಿಗೂ ಕೊಡಿ. ಆದರೆ ನೀವು ಮೂಸಿ ನೋಡಿ ಪಕ್ಕಕ್ಕಿಟ್ಟದ್ದನ್ನು ಆಕೆಯ ಕೈಗೆ ಹಾಕಬೇಡಿ. ನಿಮಗೇ ತಿನ್ನಬೇಕು ಅನ್ನಿಸುತ್ತದಲ್ಲ, ಆಗಲೇ ಕೊಟ್ಟುಬಿಡಿ.