ಬಲ್ಬಿನಡಿ ಬೆಳೆದ ಮೆಣಸಿನ ಸಸಿ

೧೯೮೪ರ ಮೃಗಶಿರಾ ಮಳೆಗೆ ಇನ್ನೂ ನಾಲ್ಕು ದಿನವಿತ್ತು. ದೇವದುರ್ಗದ ಬಸ್ ನಿಲ್ದಾಣದಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತಿದ್ದ ನರ್ಸ್ ಅಮರಮ್ಮನ ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಬಂದು ಕುಳಿತರು. ಗಂಡನ ತೊಡೆಯ ಮೇಲೊಂದು ಬುಟ್ಟಿ. ಅದರ ತುಂಬ ನಾಲ್ಕು ಬೆರಳೆತ್ತರದ ಮೆಣಸಿನ ಸಸಿಗಳು.

"ಅಡಗಿಮನಿ ಬಲ್ಬ್ ಬಿಚ್ಚಿ ಇವಕ್ಕ ಹಾಕಿದ್ರಿ. ಒಂದು ತಿಂಗಳು ನಾ ಚಿಮಣಿ ಬೆಳಕಿನ್ಯಾಗ ರೊಟ್ಟಿ ಬಡದೆ," ಎಂದಳು ಹೆಂಡತಿ.

"ಅಂಗಳದಾಗ ಹಾಕಿದ್ರ ನಿನ್ನ ಕೋಳಿ ಬಿಡ್ತಿದ್ವೇನು?"

"ಹಗಲೂ ಕತ್ತಲಖೋಲ್ಯಾಗ ದೀಪ ಉರಿಯೋದು ನೋಡಿ, ಮಗಳು ಬಾಣಂತನಕ್ಕ ಬಂದಾಳ ಅಂದ್ರು ಓಣ್ಯಾಗ. ಬಾಜೂಮನಿ ಶಿವಬಸಮ್ಮ ಕೂಸಿಗಂತ ಕುಂಚಿಗಿ ಹೊಲಕೊಂಡು ಬಂದ್ಲು!"

ಅಮರಮ್ಮ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀ ಏನಂದಿ?" ಗಂಡ ಕೇಳಿದ.

"ಏನನ್ಲಿ? ಒಳಗ ಕರಕೊಂಡು ಹೋಗಿ ಸಸಿ ತೋರಿಸಿದೆ. ಬಿದ್ದು ಬಿದ್ದು ನಕ್ಕಳು."

"ಮಾನ್ವ್ಯಾಗ ಅಳಿಯನೂ ನಗ್ತಾನ. ಮನ್ಯಾಗ ಬೆಳದದ್ದು ಹೊಲದಾಗ ಬಾಳಂಗಿಲ್ಲ ಅಂದಾನ. ಅವನ ಹೊಲದಾಗ ಇವು ಬಾಡಿದ್ರ ನಾ ಮುಖ ಹ್ಯಾಂಗ ತೋರಿಸ್ಲಿ?"

ಅಷ್ಟರಲ್ಲಿ ಮಾನ್ವಿ ಬಸ್ಸು ಬಂತು. ಗಂಡ ಬುಟ್ಟಿಯನ್ನು ಬಸ್ಸಿನ ಮೇಲೆ ಇಡಲು ಏಣಿಯತ್ತ ಹೊರಟ.

"ಮ್ಯಾಲ ಬಿಸಿಲದ, ಇಲ್ಲಿ ಕೊಡ್ರಿ," ಎಂದು ಹೆಂಡತಿ ಬುಟ್ಟಿ ಕಸಿದುಕೊಂಡು ಸೆರಗು ಹೊದಿಸಿದಳು. "ಬಾಡಂಗಿಲ್ಲ ಬಿಡ್ರಿ. ನಾಲ್ಕು ದಿನದಿಂದ ನೀವು ಹೊರಗ ಹ್ವಾದಾಗೆಲ್ಲ ಇವನ್ನ ಅಂಗಳಕ್ಕ ತಂದು ಬಿಸಿಲು ರೂಢಿ ಮಾಡಸೀನಿ."

"ಮತ್ತ ಕೋಳಿ?"

"ಬಾರಕೋಲು ಹಿಡಕೊಂಡು ಕುಂತಿದ್ದೆ," ಎನ್ನುತ್ತ ಅವಳು ಬಸ್ಸು ಹತ್ತಿದಳು.